ಮಿಲಾನ್ ಡೆವಿಲ್ಸ್: ಈಗ ಇಲ್ಲದ ಒಂದು ಐಸ್ ಹಾಕಿ ಕ್ಲಬ್ಬಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಟಲಿಯ ಐಸ್ ಹಾಕಿಯ ಬಗ್ಗೆ ಮಾತು ಬಂದಾಗಲೆಲ್ಲ, ಪತ್ರಗಳಲ್ಲೂ ಪ್ರತಿಕ್ರಿಯೆಗಳಲ್ಲೂ ಮತ್ತೆ ಮತ್ತೆ ಎದುರಾಗುವ ಹೆಸರು ಮಿಲಾನ್ ಡೆವಿಲ್ಸ್. ಕೆಲವೇ ವರ್ಷ ಬದುಕಿದ್ದು, ಸತತ ಮೂರು ಸಲ ದೇಶದ ಪ್ರಶಸ್ತಿ ಗೆದ್ದು, ಆಮೇಲೆ ಇಲ್ಲವಾದ ಕ್ಲಬ್ ಇದು. ಕೇಳುಗರ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಉಳಿಸಿಕೊಂಡು, ಹೊಸಬರಿಗೆ ಬೇಕಾದುವನ್ನು ಮೊದಲು, ಆಟವನ್ನು ಬಲ್ಲವರು ಕೇಳುವಂಥವನ್ನು ಆಮೇಲೆ ಇಟ್ಟಿದ್ದೇನೆ. ಯಾವ ಉತ್ತರವನ್ನಾದರೂ ಪ್ರತ್ಯೇಕವಾಗಿ ಓದಿಕೊಳ್ಳಬಹುದು.

## ಮೊದಲ ಪರಿಚಯ

ಡೆವಿಲ್ಸ್ ಅಂದರೆ ಅಮೆರಿಕದ ನ್ಯೂಜೆರ್ಸಿ ತಂಡವಲ್ಲವೇ? ಇದು ಯಾವುದು?

ಹೆಸರು ಒಂದೇ ಆದರೂ ಎರಡಕ್ಕೂ ಸಂಬಂಧವಿಲ್ಲ. ನ್ಯೂಜೆರ್ಸಿ ಡೆವಿಲ್ಸ್ ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗಿನಲ್ಲಿ ಈಗಲೂ ಆಡುತ್ತಿರುವ ತಂಡ. ಇಲ್ಲಿ ಹೇಳುತ್ತಿರುವುದು ಉತ್ತರ ಇಟಲಿಯ ಮಿಲಾನ್ ನಗರದ ಕ್ಲಬ್ಬನ್ನು. 1980ರ ದಶಕದ ಕೊನೆಯಲ್ಲಿ ಉದ್ಯಮಿ ಸಿಲ್ವಿಯೊ ಬರ್ಲುಸ್ಕೋನಿಯವರ ಕ್ರೀಡಾ ಸಮೂಹದ ಭಾಗವಾಗಿ ರೂಪುಗೊಂಡ ಈ ತಂಡ 1992, 1993 ಮತ್ತು 1994ರಲ್ಲಿ ಇಟಲಿಯ ಚಾಂಪಿಯನ್ ಆಯಿತು.

ನಾನು ಐಸ್ ಹಾಕಿ ನೋಡಿಯೇ ಇಲ್ಲ. ಈ ಕಥೆ ಅರ್ಥವಾಗಬೇಕಾದರೆ ಎಷ್ಟು ನಿಯಮ ತಿಳಿದಿರಬೇಕು?

ಹೆಚ್ಚೇನೂ ಬೇಡ. ಹಾಕಿ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಮೈದಾನದಲ್ಲಿ ಹನ್ನೊಂದು ಮಂದಿ ಆಡುವ ಆಟ. ಐಸ್ ಹಾಕಿಯಲ್ಲಿ ಗೋಲ್‌ಕೀಪರ್ ಸೇರಿ ಒಂದು ತಂಡದ ಆರು ಮಂದಿ ಮಾತ್ರ ಅಂಗಳದಲ್ಲಿರುತ್ತಾರೆ. ಚೆಂಡಿನ ಬದಲು ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ ಇರುತ್ತದೆ. ಪಂದ್ಯ ಇಪ್ಪತ್ತು ನಿಮಿಷಗಳ ಮೂರು ಅವಧಿಗಳಲ್ಲಿ ನಡೆಯುತ್ತದೆ. ಒಬ್ಬ ಆಟಗಾರ ಒಂದು ನಿಮಿಷಕ್ಕಿಂತಲೂ ಕಡಿಮೆ ಹೊತ್ತು ತನ್ನ ಶಕ್ತಿಯನ್ನೆಲ್ಲ ಹಾಕಿ ಸ್ಕೇಟ್ ಮಾಡಿ ಬೆಂಚಿಗೆ ಮರಳುತ್ತಾನೆ. ಆಟ ನಿಲ್ಲದಂತೆಯೇ ಇನ್ನೊಬ್ಬ ಕಟಕಟೆ ಹಾರಿ ಒಳಗಿಳಿಯುತ್ತಾನೆ. ಹೀಗಾಗಿ ಒಬ್ಬಿಬ್ಬರು ತಾರೆಯರಿದ್ದರೆ ಸಾಲದು, ತಂಡಕ್ಕೆ ಸರಿಸುಮಾರು ಇಪ್ಪತ್ತು ಒಳ್ಳೆಯ ಆಟಗಾರರು ಬೇಕು. ಶ್ರೀಮಂತ ಕ್ಲಬ್ಬಿಗೂ ಬಡ ಕ್ಲಬ್ಬಿಗೂ ಇರುವ ಅಂತರ ಕಣ್ಣಿಗೆ ಹೊಡೆಯುವುದು ಇಲ್ಲಿಯೇ.

ಇನ್ನೊಂದು ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕು. ಗೋಲು ಹೊಡೆದವನಿಗೆ ಒಂದು ಅಂಕ ಸಿಗುವಂತೆ, ಅದಕ್ಕೆ ಮುಂಚೆ ಪಕ್ ಒದಗಿಸಿದ ಗರಿಷ್ಠ ಇಬ್ಬರಿಗೂ ಅಸಿಸ್ಟ್ ಎಂಬ ಹೆಸರಿನಲ್ಲಿ ತಲಾ ಒಂದು ಅಂಕ ಸಿಗುತ್ತದೆ. ಆಟಗಾರರ ಅಂಕ ಎಂದು ಹೇಳುವಾಗ ಗೋಲು ಮತ್ತು ಅಸಿಸ್ಟ್ ಎರಡೂ ಸೇರಿರುತ್ತವೆ.

ಇಟಲಿಯಲ್ಲಿ ಐಸ್ ಹಾಕಿಯೇ? ಅಲ್ಲಿ ಎಲ್ಲರೂ ಫುಟ್‌ಬಾಲ್ ನೋಡುವವರಲ್ಲವೇ?

ದೇಶದ ಬಹುಭಾಗದ ಮಟ್ಟಿಗೆ ಈ ಮಾತು ನಿಜ. ರೋಮ್, ನೇಪಲ್ಸ್, ಸಿಸಿಲಿಗಳಲ್ಲಿ ಐಸ್ ಹಾಕಿ ಜನಜೀವನದ ಭಾಗವಲ್ಲ. ಆದರೆ ಆಲ್ಪ್ಸ್ ಪರ್ವತದ ತಪ್ಪಲಿನಲ್ಲಿ, ಅದರಲ್ಲೂ ಜರ್ಮನ್ ಮಾತನಾಡುವವರು ಹೆಚ್ಚಿರುವ ದಕ್ಷಿಣ ಟಿರೋಲ್ ಪ್ರಾಂತ್ಯದಲ್ಲಿ ಮತ್ತು ಅದರ ನೆರೆಯ ಕಣಿವೆಗಳಲ್ಲಿ ಇದು ಊರಿನ ಆಟ. ಬೊಲ್ಝಾನೊ, ಮೆರಾನೊ, ಬ್ರೂನಿಕೊ, ಗಾರ್ಡೆನಾ ಕಣಿವೆ, ಕೊರ್ಟಿನಾ, ಅಸಿಯಾಗೊ, ಅಲ್ಲೆಘೆ ಇವೆಲ್ಲ ಈ ಆಟದ ನೆಲೆಗಳು. ಇವುಗಳಲ್ಲಿ ಬೊಲ್ಝಾನೊ ಒಂದು ನಗರ. ಕೊರ್ಟಿನಾ, ಅಸಿಯಾಗೊ, ಅಲ್ಲೆಘೆಗಳು ಚಿಕ್ಕ ಊರುಗಳು. ದೇಶದ ಅತ್ಯುನ್ನತ ಲೀಗಿನಲ್ಲಿ ಮಿಲಾನಿನಂಥ ಮಹಾನಗರದ ತಂಡವು ಇಂಥ ಬೆಟ್ಟದೂರುಗಳಿಗೆ ಹೋಗಿ ಸೋತು ಬರುವುದು ಸಾಮಾನ್ಯ ಸಂಗತಿಯಾಗಿತ್ತು. ಈ ವಿಚಿತ್ರ ಸಮತೋಲವೇ ಇಟಲಿಯ ಐಸ್ ಹಾಕಿಯ ಸೊಗಸು ಎಂದು ನನ್ನ ಅನಿಸಿಕೆ.

ಹಾಗಾದರೆ ಬಯಲಿನಲ್ಲಿರುವ ಮಿಲಾನಿಗೂ ಈ ಆಟಕ್ಕೂ ಎಲ್ಲಿಯ ನಂಟು?

ನಂಟು ಬಹಳ ಹಳೆಯದು. ಸಂಘಟಿತ ಆಟವಾಗಿ ಇಟಲಿಯ ಐಸ್ ಹಾಕಿ ಬೆಳೆದದ್ದೇ ಬಹುಮಟ್ಟಿಗೆ ಮಿಲಾನಿನಲ್ಲಿ. ನಗರದ ಪೂರ್ವಭಾಗದ ಪಿರಾನೇಸಿ ರಸ್ತೆಯಲ್ಲಿ 1923ರ ಡಿಸೆಂಬರಿನಲ್ಲಿ ‘ಪಲಾತ್ಸೊ ದೆಲ್ ಗ್ಯಾಚೊ’ ಎಂಬ ಹಿಮ ಅರಮನೆ ಬಾಗಿಲು ತೆರೆಯಿತು. ಆ ಕಾಲಕ್ಕೆ ಯೂರೋಪಿನಲ್ಲಿ ಸೂರಿನಡಿಯಿದ್ದ ಅತಿ ದೊಡ್ಡ ಸ್ಕೇಟಿಂಗ್ ಅಂಗಳಗಳಲ್ಲಿ ಅದೂ ಒಂದು. ಬೆಟ್ಟದ ಊರುಗಳು ಕೆರೆ ಹೆಪ್ಪುಗಟ್ಟುವುದನ್ನು ಕಾಯುತ್ತಿದ್ದ ದಿನಗಳಲ್ಲಿ ಮಿಲಾನಿನವರಿಗೆ ಯಂತ್ರದಿಂದ ಹೆಪ್ಪುಗಟ್ಟಿಸಿದ ಅಂಗಳ ಸಿಕ್ಕಿತ್ತು. ಅದರ ಹಿಂದಿದ್ದ ಮುಖ್ಯ ವ್ಯಕ್ತಿ ಕೌಂಟ್ ಅಲ್ಬೆರ್ತೊ ಬೊನಾಕೊಸ್ಸಾ. ಸ್ವತಃ ಸ್ಕೇಟಿಂಗ್ ಮತ್ತು ಟೆನಿಸ್ ಆಟಗಾರರಾಗಿದ್ದ ಅವರು ಮುಂದೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯರೂ ಆದರು.

ಅಂಗಳ ತೆರೆದ ಮೂರೇ ತಿಂಗಳಲ್ಲಿ, 1924ರ ಮಾರ್ಚಿನಲ್ಲಿ, ಯೂರೋಪಿಯನ್ ಚಾಂಪಿಯನ್‌ಷಿಪ್ ಮಿಲಾನಿನಲ್ಲಿ ನಡೆದು ಫ್ರಾನ್ಸ್ ಗೆದ್ದಿತು. ಅದೇ ವರ್ಷ ಹುಟ್ಟಿದ ಹಾಕಿ ಕ್ಲಬ್ ಮಿಲಾನೊ 1925ರಲ್ಲಿ ಇಟಲಿಯ ಮೊದಲ ರಾಷ್ಟ್ರೀಯ ಪ್ರಶಸ್ತಿ ಪಡೆಯಿತು. 1934ರ ವಿಶ್ವ ಚಾಂಪಿಯನ್‌ಷಿಪ್ ಕೂಡ ಇದೇ ನಗರಕ್ಕೆ ಬಂದಿತ್ತು; ಕೆನಡಾದ ಪರವಾಗಿ ಆಡಿದ ಸಾಸ್ಕಟೂನ್ ಕ್ವೇಕರ್ಸ್ ಅದನ್ನು ಗೆದ್ದುಕೊಂಡಿತು. ಸ್ವಿಟ್ಸರ್ಲೆಂಡಿನ ದಾವೋಸ್‌ನಲ್ಲಿ ನಡೆಯುವ ಪ್ರಸಿದ್ಧ ಸ್ಪೆಂಗ್ಲರ್ ಕಪ್ಪನ್ನು 1934 ಮತ್ತು 1935ರಲ್ಲಿ ಮಿಲಾನಿನ ತಂಡವೇ ಗೆದ್ದಿತ್ತು. 1960ರ ದಶಕದ ಹೊತ್ತಿಗೆ ಈ ವೈಭವ ಮುಗಿದು, ಪ್ರಶಸ್ತಿಗಳು ಮೊದಲು ಕೊರ್ಟಿನಾಕ್ಕೆ, ಆಮೇಲೆ ಬೊಲ್ಝಾನೊಗೆ ಸಾಲುಸಾಲಾಗಿ ಹೋದವು. ಸುಮಾರು ಮೂರು ದಶಕ ಮಿಲಾನ್ ಬರಿಗೈಯಲ್ಲಿತ್ತು. ಡೆವಿಲ್ಸ್ ಬಂದದ್ದು ಈ ಬರಗಾಲದ ಕೊನೆಯಲ್ಲಿ.

ದೆವ್ವದ ಹೆಸರೇಕೆ? ಕೆಂಪು-ಕಪ್ಪು ಬಣ್ಣ ಏಕೆ?

ಎರಡೂ ಮಿಲಾನಿನ ಹಳೆಯ ಆಸ್ತಿ. 1899ರಲ್ಲಿ ಹುಟ್ಟಿದ ಎಸಿ ಮಿಲಾನ್ ಫುಟ್‌ಬಾಲ್ ಕ್ಲಬ್ಬಿನ ಅಂಗಿ ಕೆಂಪು-ಕಪ್ಪು ಪಟ್ಟೆಯದು; ಅಭಿಮಾನಿಗಳು ಅದನ್ನು ಪ್ರೀತಿಯಿಂದ ‘ದೆವ್ವ’ ಎಂದೇ ಕರೆಯುತ್ತಾರೆ. ಐಸ್ ಹಾಕಿಯಲ್ಲೂ ‘ಕೆಂಪು-ಕಪ್ಪು ದೆವ್ವಗಳು’ ಎಂಬರ್ಥದ ‘ದ್ಯಾವೊಲಿ ರೊಸ್ಸೊನೇರಿ’ ಎಂಬ ತಂಡ ಹಿಂದೆಯೇ ಇತ್ತು. ಹೊಸ ಕ್ಲಬ್ ಅದೇ ಹೆಸರನ್ನು ಇಂಗ್ಲಿಷಿನಲ್ಲಿ ಇಟ್ಟುಕೊಂಡಿತು. ಆಗಿನ ಇಟಲಿಯ ದೂರದರ್ಶನಕ್ಕೂ ಜಾಹೀರಾತಿಗೂ ಅಮೆರಿಕದ ಧಾಟಿಯೇ ಮೆಚ್ಚುಗೆಯಾಗಿದ್ದರಿಂದ ಈ ಆಯ್ಕೆ ಸಹಜವೇ ಆಗಿತ್ತು.

## ಹಣ ಮತ್ತು ಒಡೆತನ

ಬರ್ಲುಸ್ಕೋನಿಯವರಿಗೆ ಹಾಕಿ ತಂಡ ಏಕೆ ಬೇಕಾಗಿತ್ತು?

ಹಾಕಿ ಒಂದನ್ನೇ ನೋಡಿದರೆ ಉತ್ತರ ಸಿಗುವುದಿಲ್ಲ. ಬರ್ಲುಸ್ಕೋನಿ 1986ರ ಫೆಬ್ರವರಿಯಲ್ಲಿ ಎಸಿ ಮಿಲಾನನ್ನು ಕೊಂಡರು. ಗುಲ್ಲಿಟ್, ವಾನ್ ಬಾಸ್ಟೆನ್, ರೈಕಾರ್ಡ್ ಎಂಬ ಮೂವರು ಡಚ್ ಆಟಗಾರರಿದ್ದ ಆ ತಂಡ 1989 ಮತ್ತು 1990ರಲ್ಲಿ ಯೂರೋಪಿಯನ್ ಕಪ್ ಗೆದ್ದಿತು. ಒಂದು ಆಟದಲ್ಲಿ ಫಲ ಕೊಟ್ಟ ಸೂತ್ರವನ್ನು ಅವರು ಬೇರೆ ಆಟಗಳಿಗೂ ಹಬ್ಬಿಸಿದರು. ನಗರದಲ್ಲಿ ಆಗಲೇ ಇದ್ದ ಒಂದು ಕ್ಲಬ್ಬನ್ನು ಹಿಡಿಯುವುದು, ಲೋಕಪ್ರಸಿದ್ಧ ಆಟಗಾರರನ್ನು ತರುವುದು, ಅದಕ್ಕೆ ಸಮೂಹದ ವಾಣಿಜ್ಯ ಹೆಸರು ತೊಡಿಸುವುದು ಆ ಸೂತ್ರ. ರಗ್ಬಿಯಲ್ಲಿ ಅಮತೋರಿ ಮಿಲಾನೊ ತಂಡಕ್ಕೆ ಆಸ್ಟ್ರೇಲಿಯದ ಡೇವಿಡ್ ಕ್ಯಾಂಪೀಸಿ ಬಂದರು. ಆ ತಂಡ 1991ರಲ್ಲಿ ಇಟಲಿಯ ಚಾಂಪಿಯನ್ ಆಯಿತು. ಮಿಲಾನಿನ ವಾಲಿಬಾಲ್ ತಂಡ 1990 ಮತ್ತು 1992ರಲ್ಲಿ ವಿಶ್ವ ಕ್ಲಬ್ ಚಾಂಪಿಯನ್‌ಷಿಪ್ ಗೆದ್ದಿತು. ಬೇಸ್‌ಬಾಲ್ ಕೂಡ ಈ ಪಟ್ಟಿಯಲ್ಲಿತ್ತು. ಐಸ್ ಹಾಕಿಗೆ ಈ ಸಾಲಿನಲ್ಲಿ ಸಿಕ್ಕ ಹೆಸರು ಡೆವಿಲ್ಸ್.

ಇದರ ಹಿಂದೆ ವ್ಯಾಪಾರದ ಲೆಕ್ಕ ಸ್ಪಷ್ಟವಾಗಿತ್ತು. ಕನಾಲೆ 5, ಇತಾಲಿಯಾ 1, ರೇತೆ 4 ಎಂಬ ಮೂರು ಖಾಸಗಿ ವಾಹಿನಿಗಳು ಅವರ ಫಿನಿನ್ವೆಸ್ಟ್ ಸಂಸ್ಥೆಯ ಕೈಯಲ್ಲಿದ್ದವು. ಆ ವಾಹಿನಿಗಳು ಜಾಹೀರಾತಿನ ಮೇಲೆ ಬದುಕುತ್ತಿದ್ದವು. ಗೆಲ್ಲುವ ತಂಡವೆಂದರೆ ಓಡಾಡುವ ಜಾಹೀರಾತು. ಅದರ ಎದೆಯ ಮೇಲೆ ಬರೆದಿದ್ದ ‘ಮೆದಿಯೊಲಾನುಮ್’ ಎಂಬುದು ಸಮೂಹದ ಹಣಕಾಸು ಮತ್ತು ವಿಮಾ ವ್ಯವಹಾರದ ಹೆಸರು. ಆದರೂ ಇದನ್ನು ಬರೀ ಜಾಹೀರಾತು ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಇಟಲಿಯ ಐಸ್ ಹಾಕಿ ಅದುವರೆಗೆ ಕಾಣದಿದ್ದ ಆಟಗಾರರನ್ನು ಕಂಡದ್ದು ಈ ಹಣದಿಂದಲೇ.

ಅಂದಮೇಲೆ ಇದು ಎಸಿ ಮಿಲಾನಿನ ಹಾಕಿ ಶಾಖೆ ತಾನೇ?

ಒಡೆಯರೂ ಬಣ್ಣವೂ ಒಂದೇ ಆಗಿದ್ದವು, ಆಟದ ಆಡಳಿತ ಬೇರೆಯಾಗಿತ್ತು. ಫುಟ್‌ಬಾಲ್ ಮತ್ತು ಹಿಮಕ್ರೀಡೆಗಳಿಗೆ ಇಟಲಿಯಲ್ಲಿ ಪ್ರತ್ಯೇಕ ಒಕ್ಕೂಟಗಳಿವೆ. ಹಾಕಿ ತಂಡದ ಪ್ರಶಸ್ತಿಗಳನ್ನು ಫುಟ್‌ಬಾಲ್ ಕ್ಲಬ್ಬಿನ ಖಾತೆಗೆ ಬರೆಯುವುದು ತಪ್ಪು.

## ಯಾರಿ ಕುರ್ರಿಯ ವರ್ಷ

ಯಾರಿ ಕುರ್ರಿಯಂಥ ಆಟಗಾರ ನಿಜವಾಗಿಯೂ ಇಟಲಿಯಲ್ಲಿ ಆಡಿದ್ದರೇ? ಬಂದದ್ದಾದರೂ ಏಕೆ?

ಹೌದು, 1990-91ರ ಇಡೀ ಋತುವನ್ನು ಅವರು ಮಿಲಾನ್ ಡೆವಿಲ್ಸ್ ಪರವಾಗಿ ಆಡಿದರು. ಅತಿ ಹೆಚ್ಚು ಬಾರಿ ಬರುವ ಪ್ರಶ್ನೆ ಇದು; ನಂಬಲಾಗದೆ ಕೇಳುವವರೇ ಹೆಚ್ಚು. ಫಿನ್ಲೆಂಡಿನ ಹೆಲ್ಸಿಂಕಿಯವರಾದ ಕುರ್ರಿ 1980ರಲ್ಲಿ ಕೆನಡಾದ ಎನ್‌ಎಚ್‌ಎಲ್ ತಂಡವಾದ ಎಡ್ಮಂಟನ್ ಆಯ್ಲರ್ಸ್ ಸೇರಿ, ಐಸ್ ಹಾಕಿಯ ಮಹಾನ್ ಆಟಗಾರ ವೇಯ್ನ್ ಗ್ರೆಟ್ಸ್ಕಿಯವರ ಬಲಗಡೆಯ ಜೊತೆಗಾರರಾಗಿ ಹೆಸರಾದವರು. 1984-85ರಲ್ಲಿ 71 ಗೋಲು, ಮರುವರ್ಷ 68 ಗೋಲು ಹೊಡೆದವರು. ಆಯ್ಲರ್ಸ್ 1984, 1985, 1987, 1988, 1990ರಲ್ಲಿ ಗೆದ್ದ ಐದೂ ಸ್ಟ್ಯಾನ್ಲಿ ಕಪ್‌ಗಳಲ್ಲಿ, ಎಂದರೆ ಎನ್‌ಎಚ್‌ಎಲ್‌ನ ಚಾಂಪಿಯನ್ ಪ್ರಶಸ್ತಿಗಳಲ್ಲಿ, ಅವರ ಪಾಲಿತ್ತು. ಮಿಲಾನಿಗೆ ಬಂದಾಗ ಅವರಿಗೆ ಮೂವತ್ತು ವರ್ಷ. ಕೊನೆಯ ಸ್ಟ್ಯಾನ್ಲಿ ಕಪ್ ಗೆದ್ದು ಕೆಲವು ತಿಂಗಳಷ್ಟೇ ಕಳೆದಿತ್ತು.

ಕಾರಣ ಸಂಬಳದ ಒಪ್ಪಂದ. 1988ರಲ್ಲಿ ಗ್ರೆಟ್ಸ್ಕಿಯವರನ್ನು ಲಾಸ್ ಏಂಜಲೀಸ್‌ಗೆ ಬಿಟ್ಟುಕೊಟ್ಟ ಮೇಲೆ ಎಡ್ಮಂಟನ್ ಖರ್ಚು ಹಿಡಿಯುವ ದಾರಿಯಲ್ಲಿತ್ತು. ಕುರ್ರಿ ಕೇಳಿದ್ದಕ್ಕೂ ಕ್ಲಬ್ ಕೊಡುತ್ತೇನೆಂದದ್ದಕ್ಕೂ ತಾಳೆಯಾಗಲಿಲ್ಲ. ಆಗಿನ ಎನ್‌ಎಚ್‌ಎಲ್ ನಿಯಮಗಳಲ್ಲಿ ಆಟಗಾರನ ಹಕ್ಕು ಹಳೆಯ ಕ್ಲಬ್ಬಿನ ಬಳಿಯೇ ಉಳಿಯುತ್ತಿದ್ದುದರಿಂದ, ಅದೇ ಲೀಗಿನ ಇನ್ನೊಂದು ತಂಡಕ್ಕೆ ತಾವಾಗಿ ಹೋಗುವ ದಾರಿ ಅವರಿಗೆ ಇರಲಿಲ್ಲ. ಯೂರೋಪಿನಲ್ಲಿ ಆ ಮಟ್ಟದ ಸಂಬಳ ಕೊಡಬಲ್ಲ ಕ್ಲಬ್ಬುಗಳು ಬೆರಳೆಣಿಕೆಯಷ್ಟು, ಅವುಗಳಲ್ಲಿ ಬರ್ಲುಸ್ಕೋನಿಯವರ ಡೆವಿಲ್ಸ್ ಒಂದು. ಮಿಲಾನಿನ ಋತು ಮುಗಿದ ಮೇಲೆ, 1991ರ ಮೇ 30ರಂದು, ಎಡ್ಮಂಟನ್ ಅವರ ಹಕ್ಕನ್ನು ಫಿಲಡೆಲ್ಫಿಯಾಕ್ಕೆ ಕೊಟ್ಟಿತು. ಫಿಲಡೆಲ್ಫಿಯಾ ಅದೇ ದಿನ ಲಾಸ್ ಏಂಜಲೀಸ್ ಕಿಂಗ್ಸ್‌ಗೆ ದಾಟಿಸಿತು. ಹೀಗೆ ಕುರ್ರಿ ಮತ್ತೆ ಗ್ರೆಟ್ಸ್ಕಿಯವರ ಜೊತೆಯಾದರು. 2001ರಲ್ಲಿ ಹಾಕಿ ಹಾಲ್ ಆಫ್ ಫೇಮ್‌ಗೂ ಸೇರಿದರು.

ಮಿಲಾನಿನಲ್ಲಿ ಕುರ್ರಿಗೆ 30 ಪಂದ್ಯಗಳಲ್ಲಿ 75 ಅಂಕ! ಇಟಲಿಯ ಆಟದ ಮಟ್ಟ ಅಷ್ಟು ಕೆಳಗಿತ್ತೇ?

ಮಟ್ಟದಲ್ಲಿ ಅಂತರವಿದ್ದದ್ದು ನಿಜ. ಎಡ್ಮಂಟನ್‌ನ ಹತ್ತು ಋತುಗಳಲ್ಲಿ ಕುರ್ರಿ 754 ಪಂದ್ಯ ಆಡಿ 1,043 ಅಂಕ ಗಳಿಸಿದ್ದರು. ಎಂದರೆ ಪಂದ್ಯಕ್ಕೆ ಒಂದೂಕಾಲಿಗಿಂತ ಸ್ವಲ್ಪ ಹೆಚ್ಚು. ಮಿಲಾನಿನಲ್ಲಿ ಅದು ಪಂದ್ಯಕ್ಕೆ ಎರಡೂವರೆಗೆ ಏರಿತು. ಆದರೆ ಮೊತ್ತವನ್ನಷ್ಟೇ ನೋಡಿ ನಿಲ್ಲಿಸಿದರೆ ಈ ಅಂಕಿಗಳ ನಿಜವಾದ ಸ್ವಾರಸ್ಯ ಕೈತಪ್ಪುತ್ತದೆ.

ಆ 75 ಅಂಕಗಳಲ್ಲಿ 27 ಗೋಲು, 48 ಅಸಿಸ್ಟ್. ಎಡ್ಮಂಟನ್‌ನಲ್ಲಿ 474 ಗೋಲಿಗೆ 569 ಅಸಿಸ್ಟ್ ಇದ್ದವು. ಅಂದರೆ ಪಂದ್ಯಕ್ಕೆ ಗೋಲಿನ ಲೆಕ್ಕ ಮಿಲಾನಿನಲ್ಲಿ ಒಂದೂವರೆ ಪಟ್ಟಿಗೂ ಕಡಿಮೆ ಏರಿದರೆ, ಅಸಿಸ್ಟ್ ಲೆಕ್ಕ ಎರಡು ಪಟ್ಟನ್ನೂ ದಾಟಿತು. ಕುರ್ರಿ ಪ್ರಸಿದ್ಧರಾದದ್ದು ಒಂದು ನಿರ್ದಿಷ್ಟ ಹೊಡೆತಕ್ಕೆ. ಬಂದ ಪಕ್ಕನ್ನು ನಿಲ್ಲಿಸಿ, ಸರಿಪಡಿಸಿಕೊಂಡು ಹೊಡೆಯುವ ಬದಲು, ಅದು ಬಂದ ವೇಗದಲ್ಲೇ ಕೋಲು ಬೀಸಿ ಗೋಲಿಗೆ ಕಳಿಸುವುದು ಅವರ ಕೈಚಳಕವಾಗಿತ್ತು. ಗೋಲ್‌ಕೀಪರ್ ಒಂದು ಬದಿಯಿಂದ ಇನ್ನೊಂದು ಬದಿಗೆ ಜಾರುವಷ್ಟರಲ್ಲಿ ಪಕ್ ಬಲೆಯಲ್ಲಿರುತ್ತಿತ್ತು. ಈ ಹೊಡೆತಕ್ಕೆ ಪಕ್ ಸರಿಯಾದ ಕ್ಷಣದಲ್ಲಿ, ಸರಿಯಾದ ಜಾಗಕ್ಕೆ ಬರಬೇಕು. ಎಡ್ಮಂಟನ್‌ನಲ್ಲಿ ಅದನ್ನು ಒದಗಿಸಲು ಬಹುಕಾಲ ಗ್ರೆಟ್ಸ್ಕಿ ಇದ್ದರು. ಮಿಲಾನಿನಲ್ಲಿ ಒದಗಿಸುವವನ ಪಾತ್ರ ಕುರ್ರಿಯವರ ಪಾಲಿಗೇ ಬಂತು ಎಂದು ಅಂಕಿಗಳನ್ನು ನೋಡಿದರೆ ಹೇಳಬಹುದು. ಎದುರಾಳಿಗಳು ದುರ್ಬಲರಾಗಿದ್ದರು ಎಂಬುದಷ್ಟೇ ಕಾರಣವಾಗಿದ್ದರೆ ಗೋಲುಗಳೂ ಅದೇ ಪ್ರಮಾಣದಲ್ಲಿ ಏರಬೇಕಿತ್ತು.

ಕುರ್ರಿ ಇದ್ದ ವರ್ಷ ಡೆವಿಲ್ಸ್ ಚಾಂಪಿಯನ್ ಆಯಿತೇ?

ಆಗಲಿಲ್ಲ. 1991ರ ಪ್ರಶಸ್ತಿ ಅದೇ ನಗರದ ಇನ್ನೊಂದು ಕ್ಲಬ್ಬಾದ ಮಿಲಾನೊ ಸೈಮಾ ಪಾಲಾಯಿತು. ಡೆವಿಲ್ಸ್ ಅಭಿಮಾನಿಗಳಿಗೆ ಇದು ಎಷ್ಟು ಕಹಿಯಾಗಿತ್ತು ಎಂಬುದನ್ನು ಊಹಿಸಿಕೊಳ್ಳಬಹುದು: ಜಗತ್ತಿನ ಅತ್ಯುತ್ತಮ ಆಟಗಾರರಲ್ಲೊಬ್ಬರು ತಮ್ಮ ಬಳಿಯಿದ್ದ ವರ್ಷವೇ, ಮಿಲಾನಿಗೆ ಮೂರು ದಶಕಗಳ ಬಳಿಕ ಮರಳಿದ ಪ್ರಶಸ್ತಿ ಪಕ್ಕದ ಮನೆಗೆ ಹೋಯಿತು. ಮೊದಲ ಉತ್ತರವೊಂದರಲ್ಲಿ ಹೇಳಿದಂತೆ ಈ ಆಟದಲ್ಲಿ ಒಬ್ಬ ತಾರೆ ಅಂಗಳದಲ್ಲಿರುವುದು ಪಂದ್ಯದ ಒಂದು ಪಾಲು ಹೊತ್ತು ಮಾತ್ರ; ಉಳಿದ ಹೊತ್ತು ಆಡುವವರು ಬೇರೆಯವರು.

ಸೈಮಾ ಮತ್ತು ಡೆವಿಲ್ಸ್ ಒಂದೇ ಕ್ಲಬ್ ಎಂದು ಬರೆದು ಕಳಿಸುವವರಿದ್ದಾರೆ. ಎರಡೂ ಬೇರೆ ಬೇರೆ ಕ್ಲಬ್ಬುಗಳು, ಎದುರಾಳಿಗಳು. ಒಂದೇ ನಗರದ ಎರಡು ತಂಡಗಳು ಅಗ್ರಸ್ಥಾನಕ್ಕೆ ಸೆಣಸಿದ ಆ ವರ್ಷಗಳು ಮಿಲಾನಿನ ಐಸ್ ಹಾಕಿಗೆ ನಿಜಕ್ಕೂ ಸುಭಿಕ್ಷದ ಕಾಲ.

## ಗೆಲುವಿನ ವರ್ಷಗಳು

ಒಟ್ಟು ಎಷ್ಟು ಪ್ರಶಸ್ತಿ? ಒಂದೊಂದು ಪಟ್ಟಿಯಲ್ಲಿ ಒಂದೊಂದು ಹೆಸರು ಕಾಣುತ್ತದಲ್ಲ?

ರಾಷ್ಟ್ರೀಯ ಪ್ರಶಸ್ತಿಗಳು ಮೂರು: 1991-92, 1992-93 ಮತ್ತು 1993-94ರ ಋತುಗಳದ್ದು. ಹೆಸರಿನ ಗೊಂದಲಕ್ಕೆ ಕಾರಣ ಇಟಲಿಯ ಪದ್ಧತಿ. ಅಲ್ಲಿ ಫುಟ್‌ಬಾಲ್ ಬಿಟ್ಟು ಉಳಿದ ಆಟಗಳಲ್ಲಿ ಪ್ರಾಯೋಜಕರ ಹೆಸರು ತಂಡದ ಹೆಸರಿನೊಳಗೇ ಸೇರಿಹೋಗುತ್ತದೆ. ಪ್ರಾಯೋಜಕರು ಬದಲಾದರೆ ಪತ್ರಿಕೆಗಳಲ್ಲಿ ತಂಡದ ಹೆಸರೂ ಬದಲಾಗುತ್ತದೆ. ಅದರಂತೆ ಡೆವಿಲ್ಸ್ ಒಮ್ಮೆ ಮೆದಿಯೊಲಾನುಮ್ ಆಗಿ, ಇನ್ನೊಮ್ಮೆ ಲಯನ್ ಆಗಿ ದಾಖಲಾಗಿದೆ. ಸೈಮಾ ಎಂಬುದೂ ಇಂಥ ಪ್ರಾಯೋಜಕರ ಹೆಸರೇ. ಹಳೆಯ ಪಟ್ಟಿಗಳನ್ನು ಓದುವವರು ಹೆಸರಿಗಿಂತ ಕ್ಲಬ್ಬಿನ ಮೇಲೆ ಕಣ್ಣಿಡಬೇಕು.

ಆ ತಂಡದಲ್ಲಿ ಇಟಲಿಯವರೇ ಇರಲಿಲ್ಲ, ಎಲ್ಲರೂ ಕೆನಡಾದವರು ಎನ್ನುತ್ತಾರೆ. ನಿಜವೇ?

ಅರ್ಧ ನಿಜ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇಪ್ಪತ್ತನೆಯ ಶತಮಾನದ ನಡುವಿನವರೆಗೆ ಲಕ್ಷಾಂತರ ಇಟಾಲಿಯನ್ನರು ಕೆಲಸ ಹುಡುಕಿಕೊಂಡು ಕೆನಡಾಕ್ಕೆ ಹೋದರು. ಟೊರಾಂಟೊ, ಮಾಂಟ್ರಿಯಲ್, ಸೂ ಸೇಂಟ್ ಮೇರಿ ಮುಂತಾದ ಕಡೆ ನೆಲೆಸಿದವರ ಮಕ್ಕಳು ಮೊಮ್ಮಕ್ಕಳು ಅಲ್ಲಿನ ಎಲ್ಲ ಹುಡುಗರಂತೆ ಹಾಕಿ ಆಡುತ್ತ ಬೆಳೆದರು. ಇಟಲಿಯ ಕಾನೂನಿನಲ್ಲಿ ಪೌರತ್ವ ರಕ್ತಸಂಬಂಧದಿಂದ ಹರಿದು ಬರುತ್ತದೆ. ಆದ್ದರಿಂದ ಈ ಯುವಕರಲ್ಲಿ ಅನೇಕರು ದಾಖಲೆಗಳನ್ನು ಒದಗಿಸಿ ಇಟಲಿಯ ಪಾಸ್‌ಪೋರ್ಟ್ ಪಡೆಯಬಹುದಿತ್ತು. ಇಂಥವರನ್ನು ಅಲ್ಲಿ ‘ಒರಿಯುಂದಿ’ ಎನ್ನುತ್ತಾರೆ. ವಿದೇಶಿ ಆಟಗಾರರ ಸಂಖ್ಯೆಗೆ ಮಿತಿಯಿದ್ದ ಲೀಗಿನಲ್ಲಿ, ಕೆನಡಾದಲ್ಲಿ ಪಳಗಿ ಇಟಲಿಯವರಾಗಿ ಲೆಕ್ಕಕ್ಕೆ ಬರುವ ಆಟಗಾರನ ಬೆಲೆ ಎಷ್ಟಿರಬಹುದೆಂದು ಬೇರೆ ಹೇಳಬೇಕಿಲ್ಲ.

ಡೆವಿಲ್ಸ್‌ನ ಗೆಲುವಿನ ವರ್ಷಗಳಲ್ಲಿ ಆಡಿದ ಗಯೆತಾನೊ ಒರ್ಲಾಂಡೊ ಇದಕ್ಕೆ ಒಳ್ಳೆಯ ಉದಾಹರಣೆ. ‘ಗೇಟ್ಸ್’ ಎಂಬ ಅಡ್ಡಹೆಸರಿನ ಅವರು ಕ್ವಿಬೆಕ್ ಪ್ರಾಂತ್ಯದಲ್ಲಿ ಹುಟ್ಟಿ, ಎನ್‌ಎಚ್‌ಎಲ್‌ನ ಬಫಲೊ ಸೇಬರ್ಸ್ ಪರವಾಗಿ ಆಡಿ, ಆಮೇಲೆ ಇಟಲಿಗೆ ಬಂದು ರಾಷ್ಟ್ರೀಯ ತಂಡದ ಆಧಾರಸ್ತಂಭವಾದರು. ಅವರನ್ನು ಬಾಡಿಗೆ ಆಟಗಾರ ಎನ್ನುವುದು ಸರಿಯಲ್ಲ. ಅಜ್ಜ ಬಿಟ್ಟುಹೋದ ದೇಶಕ್ಕೆ ಮೊಮ್ಮಗ ಮರಳಿ ಅದರ ಅಂಗಿ ತೊಟ್ಟು ಆಡುವುದರಲ್ಲಿ ಹಣಕ್ಕಿಂತ ಹೆಚ್ಚಿನದೂ ಇರುತ್ತದೆ. ಆದರೆ ಈ ಪದ್ಧತಿಯಿಂದ ಬೆಟ್ಟದ ಊರುಗಳ ಸ್ಥಳೀಯ ಹುಡುಗರಿಗೆ ಜಾಗ ಕಡಿಮೆಯಾಯಿತು ಎಂಬ ದೂರೂ ಅಷ್ಟೇ ಹಳೆಯದು, ಅದರಲ್ಲಿ ಹುರುಳೂ ಇದೆ.

ಆಲ್ಪೆನ್‌ಲೀಗಾ ಎಂಬ ಹೆಸರು ಆಗಾಗ ಬರುತ್ತದೆ. ಏನದು?

ಆಲ್ಪ್ಸ್‌ನ ಎರಡೂ ಬದಿಯ, ಎಂದರೆ ಇಟಲಿ, ಆಸ್ಟ್ರಿಯಾ ಮತ್ತು ಸ್ಲೊವೇನಿಯಾದ ಕ್ಲಬ್ಬುಗಳು ಸೇರಿ 1991ರಿಂದ 1999ರವರೆಗೆ ಆಡಿದ ಜಂಟಿ ಸ್ಪರ್ಧೆ. ರಾಷ್ಟ್ರೀಯ ಲೀಗ್ ಇದ್ದೂ ಇದನ್ನು ಆಡಿದ್ದಕ್ಕೆ ಕಾರಣ ಸರಳ: ಒಂದೊಂದು ದೇಶದಲ್ಲೂ ಬಲವಾದ ತಂಡಗಳು ಕೆಲವೇ ಇದ್ದವು. ಡೆವಿಲ್ಸ್‌ನ ಒಳ್ಳೆಯ ದಿನಗಳೂ ಈ ಸ್ಪರ್ಧೆಯ ಆರಂಭದ ದಿನಗಳೂ ಒಂದೇ.

1994ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಮಿಲಾನಿಗೆ ಬಂದದ್ದು ಡೆವಿಲ್ಸ್‌ನಿಂದಲೇ?

ಒಂದು ಕ್ಲಬ್ಬಿನಿಂದ ಬಂತು ಎನ್ನಲಾಗದು. ಆದರೆ ಡೆವಿಲ್ಸ್ ಮತ್ತು ಸೈಮಾ ಎಬ್ಬಿಸಿದ ಅಲೆಯ ನೆತ್ತಿಯಲ್ಲೇ ಆ ಪಂದ್ಯಾವಳಿ ನಡೆದದ್ದು ದಿಟ. ಪಂದ್ಯಗಳು ಬೊಲ್ಝಾನೊ, ಕನಾಝೇಯಿ ಮತ್ತು ಮಿಲಾನಿನಲ್ಲಿ ನಡೆದವು. ಮೇ 8ರ ಫೈನಲ್ ನಡೆದದ್ದು ಮಿಲಾನಿನ ಅಂಚಿನ ಅಸ್ಸಾಗೊದಲ್ಲಿ 1990ರಲ್ಲಿ ತೆರೆದ ಫೋರಂ ಕ್ರೀಡಾಂಗಣದಲ್ಲಿ. ನಿಗದಿತ ಅವಧಿಯಲ್ಲಿ 1-1ರ ಸಮಬಲವಾಗಿ, ಪೆನಾಲ್ಟಿ ಹೊಡೆತಗಳಲ್ಲಿ ಕೆನಡಾ ಫಿನ್ಲೆಂಡನ್ನು ಸೋಲಿಸಿತು. ನಿರ್ಣಾಯಕ ಹೊಡೆತ ಲುಕ್ ರಾಬಿಟಾಯ್ ಅವರದ್ದು. 1961ರ ನಂತರ ಕೆನಡಾಕ್ಕೆ ಅದು ಮೊದಲ ವಿಶ್ವ ಪ್ರಶಸ್ತಿ. ಸೋತ ಫಿನ್ಲೆಂಡ್ ತಂಡದಲ್ಲಿ ಮಿಲಾನಿನ ಹಳೆಯ ಪರಿಚಿತರಾದ ಯಾರಿ ಕುರ್ರಿಯೂ ಇದ್ದರು. ಆತಿಥೇಯ ಇಟಲಿ ಆರನೆಯ ಸ್ಥಾನ ಪಡೆಯಿತು. ಇಂದಿನ ಇಟಲಿಗೆ ಅದು ದೂರದ ಮಾತು.

## ಆಳವಾಗಿ ತಿಳಿಯಬಯಸುವವರಿಗೆ

ಇದನ್ನು ವೃತ್ತಿಪರ ಕ್ಲಬ್ ಎಂದು ಕರೆಯಬಹುದೇ? ಇಟಲಿಯಲ್ಲಿ ಹಾಕಿ ಆಟಗಾರರು ಹವ್ಯಾಸಿಗಳು ಎಂದು ಕೇಳಿದ್ದೇನೆ.

ವಾಸ್ತವದಲ್ಲಿ ವೃತ್ತಿಪರ, ಕಾನೂನಿನ ಪ್ರಕಾರ ಹವ್ಯಾಸಿ. ಇಟಲಿಯಲ್ಲಿ ವೃತ್ತಿಪರ ಕ್ರೀಡೆಯನ್ನು ವ್ಯಾಖ್ಯಾನಿಸಿದ್ದು 1981ರ ಮಾರ್ಚ್ 23ರ 91ನೆಯ ಸಂಖ್ಯೆಯ ಕಾಯಿದೆ. ಯಾವ ಆಟ ವೃತ್ತಿಪರ ಎಂದು ತೀರ್ಮಾನಿಸುವ ಅಧಿಕಾರವನ್ನು ಅದು ಆಯಾ ಕ್ರೀಡಾ ಒಕ್ಕೂಟಗಳಿಗೇ ಬಿಟ್ಟಿತು. ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್, ಸೈಕ್ಲಿಂಗ್, ಗಾಲ್ಫ್‌ನಂಥ ಕೆಲವೇ ಆಟಗಳು ಆ ದಾರಿ ಹಿಡಿದವು. ಐಸ್ ಹಾಕಿ ಹಿಡಿಯಲಿಲ್ಲ. ಹೀಗಾಗಿ ಇಡೀ ವರ್ಷ ಹಾಕಿಯನ್ನೇ ನಂಬಿ ಬದುಕುತ್ತಿದ್ದ, ದೊಡ್ಡ ಸಂಬಳ ಪಡೆಯುತ್ತಿದ್ದ ಆಟಗಾರ ಕೂಡ ಕಾಗದದ ಮೇಲೆ ಹವ್ಯಾಸಿಯಾಗಿಯೇ ಉಳಿದ.

ಇದು ಬರೀ ಪದಗಳ ವಿಷಯವಲ್ಲ. ಆ ಕಾಯಿದೆ ವೃತ್ತಿಪರರಿಗೆ ಕೊಟ್ಟ ಉದ್ಯೋಗ ಒಪ್ಪಂದ, ವಿಮೆ, ಪಿಂಚಣಿಯ ರಕ್ಷಣೆ ಹವ್ಯಾಸಿಗೆ ಅನ್ವಯಿಸುತ್ತಿರಲಿಲ್ಲ. ಕ್ಲಬ್ ಮುಚ್ಚಿದ ದಿನ ತಾರಾ ಆಟಗಾರ ಬೇರೆ ದೇಶಕ್ಕೆ ಹೋಗಬಲ್ಲ. ಮೂರನೆಯ ಸಾಲಿನ ಸ್ಥಳೀಯ ಆಟಗಾರನಿಗೆ ಕೈಯಲ್ಲಿ ಉಳಿಯುವುದು ಅಷ್ಟಕ್ಕಷ್ಟೇ. ಕ್ರೀಡಾ ಕಾರ್ಮಿಕರನ್ನು ಹೊಸದಾಗಿ ವ್ಯಾಖ್ಯಾನಿಸಿದ 2021ರ ಸುಧಾರಣೆ ಜಾರಿಗೆ ಬಂದದ್ದು 2023ರ ಜುಲೈಯಲ್ಲಿ. ಡೆವಿಲ್ಸ್ ಆಟಗಾರರ ಪಾಲಿಗೆ ಅದು ತೀರ ತಡವಾಗಿ ಬಂದ ನ್ಯಾಯ.

ಸತತ ಮೂರು ಸಲ ಗೆದ್ದ ಕ್ಲಬ್ ಮುಚ್ಚಿದ್ದಾದರೂ ಹೇಗೆ?

ಆಟದಲ್ಲಿ ಸೋತು ಮುಚ್ಚಲಿಲ್ಲ. ಟಿಕೆಟ್ ಹಣದಿಂದ ನಡೆಯದ ಕ್ಲಬ್ ಒಡೆಯರ ಆಸಕ್ತಿಯ ಮೇಲೆ ನಿಂತಿರುತ್ತದೆ. ಆ ಆಸಕ್ತಿ 1992ರಿಂದ 1994ರ ನಡುವೆ ಬೇರೆ ಕಡೆಗೆ ತಿರುಗಿತು.

1992ರ ಫೆಬ್ರವರಿಯಲ್ಲಿ ಮಿಲಾನಿನಲ್ಲೇ ಆರಂಭವಾದ ‘ಮಾನಿ ಪುಲಿತೆ’ ಭ್ರಷ್ಟಾಚಾರ ತನಿಖೆ ಇಟಲಿಯ ಹಳೆಯ ರಾಜಕೀಯ ಪಕ್ಷಗಳನ್ನು ಬುಡಮೇಲು ಮಾಡಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲೀರಾ ಯೂರೋಪಿನ ವಿನಿಮಯ ವ್ಯವಸ್ಥೆಯಿಂದ ಹೊರಬಿದ್ದು ಮೌಲ್ಯ ಕಳೆದುಕೊಂಡಿತು; ಡಾಲರಿನಲ್ಲಿ ಯೋಚಿಸುವ ಉತ್ತರ ಅಮೆರಿಕದ ಆಟಗಾರರನ್ನು ಕರೆತರುವುದು ಇದ್ದಕ್ಕಿದ್ದಂತೆ ದುಬಾರಿಯಾಯಿತು. ಕಂಪನಿಗಳು ಜಾಹೀರಾತು ವೆಚ್ಚ ಕಡಿತ ಮಾಡಿದವು, ಫಿನಿನ್ವೆಸ್ಟ್ ಸಾಲದ ಭಾರದಲ್ಲಿತ್ತು. 1994ರ ಜನವರಿಯಲ್ಲಿ ಬರ್ಲುಸ್ಕೋನಿ ರಾಜಕೀಯಕ್ಕಿಳಿದು, ಮಾರ್ಚಿನ ಚುನಾವಣೆ ಗೆದ್ದು, ಮೇ ತಿಂಗಳಲ್ಲಿ ಪ್ರಧಾನಿಯಾದರು. ಡೆವಿಲ್ಸ್ ತನ್ನ ಮೂರನೆಯ ಮತ್ತು ಕೊನೆಯ ಪ್ರಶಸ್ತಿ ಗೆದ್ದದ್ದು ಇದೇ ವರ್ಷ. ಫುಟ್‌ಬಾಲ್ ತಂಡ ಸಮೂಹದ ಕೈಯಲ್ಲೇ ಉಳಿಯಿತು. ಉಳಿದ ಆಟಗಳ ತಂಡಗಳಿಂದ ಅದು ಒಂದೊಂದಾಗಿ ಕೈ ತೆಗೆಯಿತು. ದಶಕದ ಮಧ್ಯಭಾಗ ಕಳೆಯುವಷ್ಟರಲ್ಲಿ ಡೆವಿಲ್ಸ್ ಇರಲಿಲ್ಲ.

ಇವುಗಳಲ್ಲಿ ಒಂದೇ ಕಾರಣವನ್ನು ಎತ್ತಿ ಹೇಳೆಂದರೆ, ರಾಜಕೀಯ ಪ್ರವೇಶಕ್ಕಿಂತ ಕ್ಲಬ್ಬಿನ ರಚನೆಯನ್ನೇ ನಾನು ಹೇಳುತ್ತೇನೆ. ಒಬ್ಬರ ಹಣ ನಿಂತರೆ ಮುಂದಿನ ಋತುವನ್ನು ನಡೆಸಿಕೊಂಡು ಹೋಗುವ ಬೇರೆ ಆಧಾರವನ್ನು ಯಾರೂ ಕಟ್ಟಿರಲಿಲ್ಲ.

ಮಿಲಾನೊ ವೈಪರ್ಸ್ ಎಂಬ ತಂಡ ಡೆವಿಲ್ಸ್‌ನ ಮುಂದುವರಿಕೆಯೇ?

ಅಲ್ಲ. ವೈಪರ್ಸ್ 1998ರಲ್ಲಿ ಹುಟ್ಟಿದ ಪ್ರತ್ಯೇಕ ಕ್ಲಬ್. ಆ ಹೆಸರು ನೆನಪಿಸುವುದು ಮಿಲಾನನ್ನು ಹಿಂದೆ ಆಳಿದ ವಿಸ್ಕೊಂತಿ ಮನೆತನದ ಲಾಂಛನದಲ್ಲಿರುವ ಹಾವನ್ನು. ನಗರದ ಪಶ್ಚಿಮ ಭಾಗದ ಅಗೊರಾ ಅಂಗಳದಲ್ಲಿ ಆಡುತ್ತಿದ್ದ ವೈಪರ್ಸ್ 2002ರಿಂದ 2006ರವರೆಗೆ ಸತತ ಐದು ಬಾರಿ ಚಾಂಪಿಯನ್ ಆಯಿತು. ಲೆಕ್ಕದಲ್ಲಿ ಡೆವಿಲ್ಸನ್ನು ಮೀರಿಸಿದ ಈ ತಂಡವೂ 2008ರಲ್ಲಿ ಮುಚ್ಚಿಹೋಯಿತು. ಅದೇ ವರ್ಷ ಮಿಲಾನೊ ರೊಸ್ಸೊಬ್ಲು ಎಂಬ ಹೊಸ ಕ್ಲಬ್ ಕೆಂಪು-ನೀಲಿ ಬಣ್ಣದಲ್ಲಿ ಎದ್ದು ನಿಂತಿತು. ಒಂದು ಕ್ಲಬ್ಬಿನ ಅಭಿಮಾನಿಗಳೇ ಮುಂದಿನದಕ್ಕೆ ನಡೆದುಹೋಗುವುದರಿಂದ ಇವೆಲ್ಲ ಒಂದೇ ಎಂಬ ಭಾವನೆ ಹುಟ್ಟುತ್ತದೆ. ಆದರೆ ಪ್ರಶಸ್ತಿಗಳನ್ನು ಕೂಡಿಸಿ ಹೇಳುವಂತಿಲ್ಲ.

ಬೊಲ್ಝಾನೊ ಇವತ್ತಿಗೂ ಆಡುತ್ತಿದೆ. ಹತ್ತು ಪಟ್ಟು ದೊಡ್ಡದಾದ ಮಿಲಾನಿಗೆ ಅದು ಏಕೆ ಸಾಧ್ಯವಾಗಲಿಲ್ಲ?

ನಗರ ದೊಡ್ಡದಾಗಿದ್ದುದೇ ಮಿಲಾನಿಗೆ ತೊಡಕಾಯಿತು. ಭಾನುವಾರ ಎಪ್ಪತ್ತು ಸಾವಿರ ಜನರನ್ನು ಸಾನ್ ಸೀರೊ ಕ್ರೀಡಾಂಗಣಕ್ಕೆ ಸೆಳೆಯುವ ಎರಡು ಫುಟ್‌ಬಾಲ್ ಕ್ಲಬ್ಬುಗಳಿರುವ ನಗರದಲ್ಲಿ, ಹೆಸರಾಂತ ಬ್ಯಾಸ್ಕೆಟ್‌ಬಾಲ್ ತಂಡವೂ ಇರುವಲ್ಲಿ, ಐಸ್ ಹಾಕಿಗೆ ಸಿಗುವುದು ಉಳಿದ ಗಮನ. 1933ರಲ್ಲಿ ಸ್ಥಾಪನೆಯಾದ ಹಾಕಿ ಕ್ಲಬ್ ಬೊಲ್ಝಾನೊಗೆ ತನ್ನ ಊರಿನಲ್ಲಿ ಅಂಥ ಪೈಪೋಟಿ ಇರಲಿಲ್ಲ. ಅಲ್ಲಿನ ಮಕ್ಕಳು ಸ್ಕೇಟ್ ಕಟ್ಟಿಕೊಂಡೇ ದೊಡ್ಡವರಾಗುತ್ತಾರೆ, ತಂದೆಯ ಜಾಗದಲ್ಲಿ ಮಗ ಆಡುತ್ತಾನೆ, ಅಂಗಡಿಯವರು ತಮ್ಮ ಕೈಲಾದಷ್ಟು ಪ್ರಾಯೋಜಿಸುತ್ತಾರೆ. ಡೆವಿಲ್ಸ್‌ನ ಮೂರನೆಯ ಪ್ರಶಸ್ತಿಯ ಮರುವರ್ಷದಿಂದ, 1995ರಿಂದ 1998ರವರೆಗೆ, ನಾಲ್ಕು ಬಾರಿ ಬೊಲ್ಝಾನೊ ಗೆದ್ದಿತು.

ಹಾಗೆಂದು ಬೊಲ್ಝಾನೊ ಬದಲಾಗದೆ ಕುಳಿತಿರಲೂ ಇಲ್ಲ. ಇಟಲಿಯ ಲೀಗ್ ಸೊರಗುತ್ತಿರುವುದನ್ನು ಕಂಡು 2013ರಲ್ಲಿ ಅದು ಆಸ್ಟ್ರಿಯಾ ಕೇಂದ್ರಿತ ಅಂತರರಾಷ್ಟ್ರೀಯ ಲೀಗಿಗೆ ಸೇರಿ, ಮೊದಲ ಋತುವಿನಲ್ಲೇ ಅದನ್ನು ಗೆದ್ದುಕೊಂಡಿತು. 2018ರಲ್ಲಿ ಮತ್ತೊಮ್ಮೆ ಗೆದ್ದಿತು. ಆಲ್ಪೆನ್‌ಲೀಗಾದ ಕಾಲದಲ್ಲಿ ಮೊಳಕೆಯೊಡೆದ ಗಡಿಯಾಚೆಯ ಆಟದ ಕಲ್ಪನೆಯ ಫಲವನ್ನು ಉಂಡದ್ದು ಬೊಲ್ಝಾನೊ.

ಈಗ ಮಿಲಾನಿಗೆ ಹೋದವರಿಗೆ ಆ ಕಾಲದ ಹಾಕಿಯ ಕುರುಹು ಏನಾದರೂ ಸಿಗುತ್ತದೆಯೇ?

ಕಟ್ಟಡಗಳು ಸಿಗುತ್ತವೆ. ಪಿರಾನೇಸಿ ರಸ್ತೆಯ ಹಿಮ ಅರಮನೆ 2002ರಲ್ಲಿ ಸ್ಕೇಟಿಂಗ್ ಅಂಗಳವಾಗಿ ಮುಚ್ಚಿ, ದುರಸ್ತಿಯಾಗಿ, ಈಗ ಸಭೆ, ಪ್ರದರ್ಶನ, ಸಮಾರಂಭಗಳ ಸ್ಥಳವಾಗಿದೆ. ಒಳಗೆ ಹೋಗಲು ಅಲ್ಲಿ ಏನಾದರೂ ಕಾರ್ಯಕ್ರಮವಿರುವ ದಿನ ನೋಡಿಕೊಳ್ಳಬೇಕು. ಒಳಹೊಕ್ಕವರು ತಲೆಯೆತ್ತಿ ನೋಡಬೇಕಾದದ್ದು ವಿಶಾಲವಾದ ಕಮಾನಿನ ಚಾವಣಿಯನ್ನು. ಅಸ್ಸಾಗೊದ ಫೋರಂಗೆ ಮೆಟ್ರೊದಲ್ಲಿ ಹೋಗಬಹುದು. 2026ರ ಚಳಿಗಾಲದ ಒಲಿಂಪಿಕ್ಸ್‌ಗೆ ಅದನ್ನು ಫಿಗರ್ ಸ್ಕೇಟಿಂಗ್ ಮತ್ತು ಶಾರ್ಟ್ ಟ್ರ್ಯಾಕ್ ಸ್ಪರ್ಧೆಗಳಿಗೆ ಆರಿಸಲಾಯಿತು. ಅದೇ ಒಲಿಂಪಿಕ್ಸ್‌ನ ಐಸ್ ಹಾಕಿಗೆ ಗೊತ್ತುಮಾಡಿದ್ದು ಸಾಂತಾ ಜೂಲಿಯಾದ ಹೊಸ ಕ್ರೀಡಾಂಗಣವನ್ನೂ ರೋ ಪಟ್ಟಣದ ವಸ್ತುಪ್ರದರ್ಶನ ಮೈದಾನವನ್ನೂ.